ಸಹಾಯ ಬೇಕು: ಒಬ್ಬಳೇ ಕುಳಿತು ಹಾಡುವ ಧೈರ್ಯ ಬರುವುದು ಹೇಗೆ?

ಗುಂಪಿನ ಹಿರಿಯರಿಗೆ ನಮಸ್ಕಾರಗಳು. ನಾನು ಬೆಟಗೇರಿಯಲ್ಲಿ ಮಕ್ಕಳಿಗೆ ಮನೆಯಲ್ಲಿಯೇ ಹಾರ್ಮೋನಿಯಂ ಹಾಗೂ ವಚನಗಾಯನ ಕಲಿಸುತ್ತ, ಭಜನಾ ಮೇಳದಲ್ಲಿ ಹಿಂದೆ ಕುಳಿತು ದನಿಗೂಡಿಸುತ್ತ ಬಂದವಳು. ಧಾರವಾಡದ ಗುರುಗಳೊಬ್ಬರು ಹಿಂದೂಸ್ತಾನಿ ಸಂಗೀತದ ಖಯಾಲ್ ಗಾಯನ ಕಲಿಸಲು ಒಪ್ಪಿದ್ದಾರೆ. ಆದರೆ ವರ್ಷದೊಳಗೆ ಒಂದು ಪುಟ್ಟ ಸಂಗೀತ ಕೂಟದಲ್ಲಿ, ಅಂದರೆ ಬೈಠಕ್‌ನಲ್ಲಿ ಒಬ್ಬಳೇ ಹಾಡಬೇಕೆಂಬುದು ಅವರ ನಿಬಂಧನೆ. ಮನೆಯಲ್ಲಿ ತಂಬೂರಿ ಹಿಡಿದು ಭೂಪ ರಾಗದ ವಿಲಂಬಿತವನ್ನು (ನಿಧಾನಗತಿಯ ಹಾಡಿಕೆಯನ್ನು) ನಿರಾತಂಕವಾಗಿ ಹಾಡುವ ನನಗೆ, ಎದುರಿಗೆ ನಾಲ್ಕು ಜನ ಬಲ್ಲವರು ಕುಳಿತರೆ ಸಾಕು, ತಾರ ಷಡ್ಜವನ್ನು (ಮೇಲಿನ ಸ್ಥಾಯಿಯ ‘ಸ’ ಸ್ವರವನ್ನು) ಮುಟ್ಟುವ ಮೊದಲೇ ಉಸಿರು ಕಟ್ಟುತ್ತದೆ, ತಾಳದ ಸಮ್ (ಆವರ್ತನದ ಮೊದಲ ಮಾತ್ರೆ) ಕೈತಪ್ಪುತ್ತದೆ.

ನಮ್ಮ ಗದಗ ಜಿಲ್ಲೆಯ ಭೀಮಸೇನ ಜೋಶಿಯವರು ಬಾಲ್ಯದಲ್ಲಿಯೇ ಗುರುವನ್ನು ಅರಸಿ ಮನೆ ಬಿಟ್ಟು ಹೊರಟವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಸವಾಯಿ ಗಂಧರ್ವರಲ್ಲಿ ಕಲಿತವರು. ಅವರ ಎತ್ತರವನ್ನು ನಾನು ಬಯಸುತ್ತಿಲ್ಲ, ಮನೆಯ ಹೊಸ್ತಿಲು ದಾಟುವಷ್ಟು ಧೈರ್ಯ ಬೇಕಾಗಿದೆ.

ಇಂಥ ಅಂಜಿಕೆಯನ್ನು ದಾಟಿ ಬಂದವರು ತಾವು ರೂಢಿಸಿಕೊಂಡ ಕ್ರಮವನ್ನು, ವಿಶೇಷವಾಗಿ ಹಾಡುವ ಮುನ್ನಿನ ಅರ್ಧ ತಾಸನ್ನು ಹೇಗೆ ಕಳೆಯುತ್ತೀರೆಂಬುದನ್ನು ದಯವಿಟ್ಟು ವಿವರವಾಗಿ ಬರೆಯಬೇಕು. ಹುಬ್ಬಳ್ಳಿ-ಧಾರವಾಡದಲ್ಲಿ ಹೊಸಬರಿಗೆ ಹತ್ತು-ಹದಿನೈದು ನಿಮಿಷ ಹಾಡಲು ಅವಕಾಶ ಕೊಡುವ ಮನೆ ಬೈಠಕ್‌ಗಳಿದ್ದರೆ ತಿಳಿಸಿರಿ. ಗದಗಿನಲ್ಲಿ ವಾರಕ್ಕೊಮ್ಮೆ ರಿಯಾಜಿಗೆ ತಬಲಾ ಸಾಥ್ ನೀಡಬಲ್ಲವರು ಇದ್ದಲ್ಲಿ, ನಾನೇ ಅವರಿರುವಲ್ಲಿಗೆ ಬರಲು ಸಿದ್ಧಳಿದ್ದೇನೆ.