ಸಹಾಯ ಬೇಕು: ಪಿತ್ತನಾಳದ ಆಪರೇಷನ್ ಈಗ್ಲೇ ಮಾಡಿಸ್ಬೇಕಾ, ಕಾಯ್ಬೇಕಾ?

ಅಮ್ಮಂಗೆ ಮೂರು ವಾರದ ಹಿಂದೆ ಗಾಲ್‌ಬ್ಲಾಡರ್ ಕಲ್ಲಿಗೆ ಲ್ಯಾಪರೋಸ್ಕೋಪಿ ಮಾಡ್ಸಿದ್ವಿ, ಆವಾಗ ಲಿವರಿಂದ ಕರುಳಿಗೆ ಪಿತ್ತ ಒಯ್ಯೋ ಪಿತ್ತನಾಳನೇ ಕಟ್ ಆಗ್ಬಿಟ್ಟಿದೆ. ಹೊಟ್ಟೆಗೆ ಪೈಪ್ ಹಾಕಿದಾರೆ, ಬ್ಯಾಗಲ್ಲಿ ದಿನಾ 300 ಎಂಎಲ್ ಹತ್ರ ಹಸಿರು ಪಿತ್ತ ಬರ್ತಿದೆ, ಯಾರಾದ್ರೂ ನೋಡೋಕೆ ಬಂದ್ರೆ ಅಮ್ಮ ಅದನ್ನ ಸೆರಗಲ್ಲಿ ಮುಚ್ಕೋತಾರೆ. ಇಆರ್‌ಸಿಪಿ ಮಾಡಿ (ಬಾಯಿಂದ ಕ್ಯಾಮೆರಾ ಪೈಪ್ ಇಳಿಸಿ) ನಾಳದೊಳಗೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕೋಕೆ ನೋಡಿದ್ರು, ನಾಳ ಪೂರ್ತಿ ತುಂಡಾಗಿರೋದ್ರಿಂದ ವೈರ್ ಮೇಲಕ್ಕೆ ಹೋಗ್ಲೇ ಇಲ್ಲ. ಈಗ ಸಣ್ಣ ಕರುಳನ್ನ ಮೇಲೆಳೆದು ಲಿವರಿಂದ ಬರೋ ನಾಳಕ್ಕೆ ಹೊಲೀಬೇಕಂತೆ, ಹೆಪಾಟಿಕೋಜೆಜುನಾಸ್ಟಮಿ (ಈ ಹೆಸ್ರು ಬಾಯಿಪಾಠ ಆಗೋಕೇ ಎರಡು ದಿನ ಬೇಕಾಯ್ತು). ಒಬ್ರು ಡಾಕ್ಟ್ರು ಈ ವಾರನೇ ಮಾಡೋಣ ಅಂತಾರೆ, ಇನ್ನೊಬ್ರು ಒಳಗಿನ ಊತ, ಇನ್ಫೆಕ್ಷನ್ ಇಳೀಲಿ, ಇನ್ನೂ ಆರು ವಾರ ಕಾಯಿರಿ, ಈಗ ಹೊಲಿದ್ರೆ ಆ ಜಾಯಿಂಟ್ ಕಿರಿದಾಗ್ಬಹುದು ಅಂತಾರೆ. ಜ್ವರ ನಿಂತಿದೆ, ಕಾಮಾಲೆ ಇಲ್ಲ. ನಿಮ್ಮನೇಲಿ ಯಾರಿಗಾದ್ರೂ ಇದೇ ರಿಪೇರಿ ಆಗಿದ್ರೆ ಎಷ್ಟು ವಾರ ಕಾದ್ರಿ, ಆಮೇಲೆ ನಾಳ ಮತ್ತೆ ಕಿರಿದಾಯ್ತಾ?