ಮೂವತ್ತರ ಆಸುಪಾಸಿನ ಯೂರೋಲೀಗ್ ಆಟಗಾರನನ್ನು ಎನ್‌ಬಿಎ ತಂಡ ಕರೆಸಿಕೊಳ್ಳೋದು ಲೆಕ್ಕಕ್ಕೆ ಬರುತ್ತಾ?

ಬೇಸ್‌ಲೈನ್ ಬರೆದದ್ದು:

ಬ್ಯಾಸ್ಕೆಟ್‌ಬಾಲ್ ನೋಡುವವರ ನಡುವೆ ಪ್ರತಿ ಜುಲೈನಲ್ಲೂ ಇದೇ ಮಾತು ಏಳುತ್ತೆ. ಯೂರೋಲೀಗ್, ಅಂದರೆ ಯುರೋಪಿನ ದೊಡ್ಡ ಕ್ಲಬ್‌ಗಳ ಲೀಗ್‌ನಲ್ಲಿ ಎಂಟು ಹತ್ತು ಸೀಸನ್ ಆಡಿ ಪಳಗಿದವನಿಗೆ ಅಮೆರಿಕದ ಎನ್‌ಬಿಎ ತಂಡವೊಂದು ಎರಡು ಮೂರು ವರ್ಷದ ಒಪ್ಪಂದ ಕೊಡುತ್ತೆ. ಅರ್ವಿದಾಸ್ ಸಬೋನಿಸ್ 1995ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಬಂದಾಗ ಮೂವತ್ತು ಆಗಿತ್ತು, ಬಂದು ಗೆದ್ದ. ಪಾಬ್ಲೊ ಪ್ರಿಜಿಯೋನಿ ಹುಟ್ಟಿದ್ದು ಅರ್ಜೆಂಟೀನಾದಲ್ಲಾದರೂ ಆಟ ಪಕ್ವವಾದದ್ದು ಸ್ಪೇನ್‌ನಲ್ಲಿ. ಆತ 35ರಲ್ಲಿ ನ್ಯೂಯಾರ್ಕ್ ನಿಕ್ಸ್ ಸೇರಿ ಉಪಯೋಗಕ್ಕೆ ಬಂದ. ಇತ್ತ ನೋಡಿದರೆ ಯಾಸಿಕೆವಿಚ್ಯುಸ್, ತೆಯೊದೊಸಿಚ್, ವೆಜೆಂಕೊವ್, ಮಿತ್ಸಿಚ್. ಯುರೋಪಿನಲ್ಲಿ ಇವರನ್ನು ಮೀರಿಸುವವರು ಇರಲಿಲ್ಲ, ಆದರೂ ಎನ್‌ಬಿಎಯಲ್ಲಿ ಬೇರು ಬಿಡಲಿಲ್ಲ.

ಅಪಾಯ ನಿಜವಾಗಿ ಎಲ್ಲಿದೆ? ಮೈಯಲ್ಲಾ, ಆಟದಲ್ಲಾ, ದುಡ್ಡಲ್ಲಾ? ಸಹಿ ಹಾಕಿಸುವ ಮೊದಲು ತಂಡ ಏನೇನು ನೋಡಬೇಕು?

---

ಎಲ್ಬೋ ಬರೆದದ್ದು:

ಆಟದಿಂದ ಶುರು ಮಾಡ್ತೀನಿ. ಮೊದಲು ಕೇಳಬೇಕಾದ್ದು: ಚೆಂಡು ಕೈಯಲ್ಲಿ ಇಲ್ಲದಾಗ ಈತ ಏನು ಮಾಡ್ತಾನೆ?

ಯುರೋಪಿನ ದೊಡ್ಡ ಗಾರ್ಡ್‌ಗಳೆಲ್ಲ, ಅಂದರೆ ಚೆಂಡು ನಡೆಸುವವರೆಲ್ಲ, ಪಿಕ್ ಅಂಡ್ ರೋಲ್ (ಜೊತೆಗಾರ ಅಡ್ಡ ನಿಂತು ದಾರಿ ಮಾಡಿ, ಆಮೇಲೆ ಬುಟ್ಟಿ ಕಡೆ ಓಡುವ ಆಟ) ನಡೆಸಿಯೇ ಹೆಸರು ಮಾಡಿದವರು. ಒಂದು ದಾಳಿಯ 24 ಸೆಕೆಂಡ್‌ನಲ್ಲಿ ಹದಿನೈದು ಸೆಕೆಂಡ್ ಚೆಂಡು ಅವರ ಹತ್ತಿರವೇ ಇರುತ್ತೆ. ಎನ್‌ಬಿಎ ತಂಡದಲ್ಲಿ ಆ ಕೆಲಸಕ್ಕೆ ನಾಲ್ಕು ಐದು ಕೋಟಿ ಡಾಲರ್ ಪಡೆಯುವವನು ಆಗಲೇ ಇದ್ದಾನೆ. ಬಂದವನು ಮೂಲೆಗೆ ಹೋಗಿ ನಿಲ್ಲಬೇಕು, ಚೆಂಡು ಬಂದ ತಕ್ಷಣ ಹೊಡೆಯಬೇಕು, ಬರದಿದ್ದರೆ ಕಟ್ ಮಾಡಬೇಕು, ಅಂದರೆ ಬುಟ್ಟಿ ಕಡೆ ನುಗ್ಗಬೇಕು. ಹತ್ತು ವರ್ಷ ತಂಡವನ್ನೇ ನಡೆಸಿದವನಿಗೆ ಈ ಅಭ್ಯಾಸ ಒಂದು ಕ್ಯಾಂಪ್‌ನಲ್ಲಿ ಬರಲ್ಲ.

ಡಿಫೆನ್ಸ್ ಇನ್ನೂ ಕಷ್ಟ. ತೆಯೊದೊಸಿಚ್ ಥರದ ನಿಧಾನ ಕಾಲಿನ ಗಾರ್ಡ್ ಕೋರ್ಟ್‌ನಲ್ಲಿದ್ದಾಗ ಎದುರಾಳಿ ಏನು ಮಾಡ್ತಾನೆ ನೋಡಿ. ಅವರ ಸ್ಟಾರ್ ಮೇಲ್ಗಡೆ ಚೆಂಡು ಹಿಡಿದು ನಿಲ್ತಾನೆ. ನಮ್ಮ ಗಾರ್ಡ್ ಯಾರನ್ನು ಕಾಯ್ತಿದ್ದಾನೋ ಅವನನ್ನೇ ಬೆರಳು ಮಾಡಿ ಸ್ಕ್ರೀನ್‌ಗೆ, ಅಂದರೆ ಅಡ್ಡ ನಿಲ್ಲೋಕೆ, ಕರೀತಾನೆ. ಸ್ವಿಚ್ ಆದರೆ, ಅಂದರೆ ಕಾಯುವ ಇಬ್ಬರು ಪರಸ್ಪರ ಬದಲಾದರೆ, ಸ್ಟಾರ್ ಎದುರು ನಮ್ಮವನು ಒಂಟಿ. ಸ್ವಿಚ್ ಬೇಡ ಅಂತ ಮುಂದೆ ನುಗ್ಗಿ ತಡೆದು ಹಿಂದಕ್ಕೆ ಓಡಿದರೆ, ಆ ಒಂದು ಸೆಕೆಂಡ್‌ನಲ್ಲಿ ಸ್ಕ್ರೀನ್ ಇಟ್ಟವನು ಖಾಲಿ. ಯುರೋಪಿನಲ್ಲೂ ಇದನ್ನೇ ಮಾಡ್ತಾರೆ. ಆದರೆ ಅಲ್ಲಿ ಅಂತಾರಾಷ್ಟ್ರೀಯ ಒಕ್ಕೂಟ ಫೀಬಾದ ನಿಯಮ, ಡಿಫೆನ್ಸ್‌ಗೆ ಮೂರು ಸೆಕೆಂಡ್‌ನ ಕಟ್ಟುಪಾಡು ಇಲ್ಲ. ಎತ್ತರದ ಸೆಂಟರ್ ಬುಟ್ಟಿ ಕೆಳಗೇ ಠಿಕಾಣಿ ಹೂಡಿ ಗಾರ್ಡ್‌ನ ತಪ್ಪನ್ನೆಲ್ಲ ಮುಚ್ತಾನೆ. ಎನ್‌ಬಿಎಯಲ್ಲಿ ಕೈಯಳತೆಯಲ್ಲಿ ಯಾರನ್ನಾದರೂ ಕಾಯದೆ ಬುಟ್ಟಿ ಕೆಳಗಿನ ಪೇಂಟ್‌ನಲ್ಲಿ ಮೂರು ಸೆಕೆಂಡ್ ನಿಂತರೆ ಟೆಕ್ನಿಕಲ್ ಫೌಲ್. ಹಿಂದಿನ ಆಸರೆ ಹೋಯಿತು ಅಂದರೆ ನಿಧಾನದ ಕಾಲು ಬಯಲಾಗುತ್ತೆ.

ಹಾಗಾಗಿ ವೀಡಿಯೊ ನೋಡುವಾಗ ಆತನ ಪಾಸ್‌ಗಳನ್ನು ಬದಿಗಿಡಿ, ಅವು ಚೆನ್ನಾಗಿಯೇ ಇರುತ್ತವೆ. ಸ್ವಿಚ್ ಆದ ಮೇಲಿನ ಮೊದಲ ಎರಡು ಹೆಜ್ಜೆ ನೋಡಿ. ಸೊಂಟ ತಿರುಗೋದು ತಡವಾಗ್ತಿದೆಯಾ? ಕೈ ಚಾಚಿ ಎಳೀತಿದ್ದಾನಾ? ಐವತ್ತು ಸ್ವಿಚ್ ನೋಡಿದರೆ ಉತ್ತರ ಸಿಗುತ್ತೆ.

ಶಾಟ್‌ಗೆ ಬಂದರೆ ಫೀಬಾದ ಮೂರಂಕದ ಗೆರೆ ಮೇಲ್ಗಡೆ 6.75 ಮೀಟರ್, ಎನ್‌ಬಿಎಯದು 7.24. ಮೂಲೆಯಲ್ಲಿ ಮಾತ್ರ 6.60 ಮತ್ತು 6.70. ಅಂದರೆ ಮೂಲೆಯಿಂದ ಹೊಡೆಯುವವನಿಗೆ ಹತ್ತೇ ಸೆಂಟಿಮೀಟರ್ ವ್ಯತ್ಯಾಸ, ಮೇಲ್ಗಡೆ ಹೊಡೆಯುವವನಿಗೆ ಅರ್ಧ ಮೀಟರ್. ಯುರೋಪಿನಲ್ಲೇ ಆತನ ಪಾದ ಗೆರೆಗಿಂತ ಎಷ್ಟು ಹಿಂದಿರುತ್ತೆ ಅಂತ ಅಳೆಯಿರಿ. ಬೆರಳು ಗೆರೆಗೆ ತಾಗಿಸಿ ಹೊಡೆಯುವವನ ಶೇಕಡಾವಾರನ್ನು ಹಾಗೇ ನಂಬಬೇಡಿ.

ಪ್ರಿಜಿಯೋನಿ ಯಾಕೆ ಉಪಯೋಗಕ್ಕೆ ಬಂದ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ನಿಕ್ಸ್ ಆತನಿಗೆ ಕೊಟ್ಟಿದ್ದು ಪಂದ್ಯಕ್ಕೆ ಸುಮಾರು 16 ನಿಮಿಷ. ಎದುರಾಳಿ ಅಂಕ ಬಿಟ್ಟುಕೊಟ್ಟು ಬೇಸರದಿಂದ ಚೆಂಡು ಒಳಕ್ಕೆ ಎಸೆಯುವಾಗ, ಹಿಂದಕ್ಕೆ ಓಡುವ ಹಾಗೆ ಮಾಡಿ ಥಟ್ಟನೆ ತಿರುಗಿ ಆ ಪಾಸ್‌ಗೇ ಕೈ ಹಾಕ್ತಿದ್ದ. ಅದಕ್ಕೆ ಎಳೆಯ ಕಾಲು ಬೇಡ, ಕಣ್ಣು ಬೇಕು.

---

ಹಿಮ್ಮಡಿ ಬರೆದದ್ದು:

ಮೈಯ ವಿಷಯ. ಹುಟ್ಟಿದ ತಾರೀಕಿಗಿಂತ ಆಡಿದ ನಿಮಿಷ ಮುಖ್ಯ. ಯುರೋಪಿನವರು ಹದಿನೇಳು ಹದಿನೆಂಟಕ್ಕೇ ಹಿರಿಯರ ತಂಡದಲ್ಲಿ ಆಡ್ತಾರೆ, ಬೇಸಿಗೆಯಲ್ಲಿ ದೇಶದ ತಂಡ ಬೇರೆ. ಮೂವತ್ತರ ಹೊತ್ತಿಗೆ ಹನ್ನೆರಡು ವರ್ಷದ ವೃತ್ತಿ ಸವೆತ ಕೂತಿರುತ್ತೆ.

"ಎನ್‌ಬಿಎ ಸೀಸನ್‌ನ 82 ಪಂದ್ಯ ಯುರೋಪಿನವನ ಮೈ ತಾಳಲ್ಲ" ಅಂತ ಜನ ಹೇಳೋ ಮಾತು ಮಾತ್ರ ಅರ್ಧ ಸರಿ. ಯೂರೋಲೀಗ್ 18 ತಂಡಗಳಿದ್ದಾಗ ಲೀಗ್ ಹಂತಕ್ಕೇ 34 ಪಂದ್ಯ. ಸ್ಪೇನ್‌ನ ಲೀಗ್ ಇನ್ನೊಂದು 34. ಮೇಲೆ ಪ್ಲೇಆಫ್, ಕಪ್. ರಿಯಲ್ ಮ್ಯಾಡ್ರಿಡ್‌ನವನು ಎಪ್ಪತ್ತು ದಾಟೋದು ಮಾಮೂಲು. ಆದರೆ ಅವು 40 ನಿಮಿಷದ ಪಂದ್ಯ, ವಾರಕ್ಕೆ ಎರಡು, ಕೆಲವು ವಾರ ಮೂರು. ನಡುವೆ ದಿನವೂ ಅಭ್ಯಾಸ. ಎನ್‌ಬಿಎಯಲ್ಲಿ 48 ನಿಮಿಷ, ವಾರಕ್ಕೆ ಮೂರು ನಾಲ್ಕು, ಬೆನ್ನು ಬೆನ್ನಿಗೆ ಎರಡು ರಾತ್ರಿ, ನಡುವೆ ಮೂರು ಗಂಟೆಯ ಟೈಮ್ ಜೋನ್ ದಾಟುವ ವಿಮಾನ. ಹಳೆಯ ಸ್ನಾಯುರಜ್ಜು ಕೆಲಸಕ್ಕೆ ಅಷ್ಟು ಹೆದರಲ್ಲ, ಕೆಲಸದ ಲಯ ದಿಢೀರ್ ಬದಲಾದರೆ ಕೈ ಕೊಡುತ್ತೆ. ಬೆಂಚಿನವನಿಗೆ ಇನ್ನೊಂದು ತೊಂದರೆ ಇದೆ. ನಲವತ್ತು ನಿಮಿಷ ಕೂತು, ಮೈ ತಣ್ಣಗಾದ ಮೇಲೆ, ಏಕಾಏಕಿ ಪೂರ್ತಿ ವೇಗದಲ್ಲಿ ಓಡಬೇಕು.

ತೆಯೊದೊಸಿಚ್‌ಗೆ ಕಾಲು ಕೈ ಕೊಟ್ಟದ್ದು ಕ್ಲಿಪರ್ಸ್ ತಂಡದ ಪರ ಎರಡನೇ ಪಂದ್ಯದಲ್ಲೇ, 2017ರ ಅಕ್ಟೋಬರ್‌ನಲ್ಲಿ. ಪೆಟ್ಟಾದದ್ದು ಪ್ಲಾಂಟಾರ್ ಫೇಶಿಯಾಕ್ಕೆ, ಅದು ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಬಿಗಿದ ಪಟ್ಟಿ. ಪ್ರತಿ ಸಲ ನೆಲ ಒದ್ದು ಮುಂದೆ ಹೋಗುವಾಗ ಭಾರ ಬೀಳೋದು ಅದರ ಮೇಲೆ. ಮೀನಖಂಡ ಬಿಗಿಯಾಗಿದ್ದರೆ ಹಿಮ್ಮಡಿ ಬೇಗ ಮೇಲೇಳುತ್ತೆ, ಆಗ ಎಳೆತ ಇನ್ನೂ ಹೆಚ್ಚು. ಮೊದಲ ಸೀಸನ್‌ನಲ್ಲಿ ಆತನಿಗೆ ಸಿಕ್ಕಿದ್ದು 45 ಪಂದ್ಯ. ಆಡಿದಾಗ 9.5 ಅಂಕ, 4.6 ಅಸಿಸ್ಟ್, ತೆಗೆದುಹಾಕುವಂಥ ಆಟವಲ್ಲ. ಎರಡನೇ ಸೀಸನ್ 15 ಪಂದ್ಯಕ್ಕೇ ಮುಗಿಯಿತು.

ವೈದ್ಯ ಪರೀಕ್ಷೆಯಲ್ಲಿ ಎಂಆರ್‌ಐ ಒಂದನ್ನೇ ನೆಚ್ಚಬೇಡಿ. ಮೂವತ್ತರ ಯಾವ ಆಟಗಾರನ ಮೊಣಕಾಲಿನ ಚಿತ್ರವೂ ಶುದ್ಧವಾಗಿರಲ್ಲ. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತುವುದು ಎಷ್ಟು ಸಲ ಆಗುತ್ತೆ, ಎಡಬಲಕ್ಕೆ ಎಷ್ಟು ಅಂತರ, ಮೊಣಕಾಲು ಗೋಡೆಗೆ ತಾಗಿಸಿದಾಗ ಪಾದ ಗೋಡೆಯಿಂದ ಎಷ್ಟು ದೂರ ಇರುತ್ತೆ, ಒಂಟಿ ಕಾಲ ಜಿಗಿತದ ಎತ್ತರ, ಇವನ್ನೆಲ್ಲ ಅಳೆಯಬೇಕು. ಹಿಂದಿನ ಮೂರು ಸೀಸನ್‌ನಲ್ಲಿ ತಪ್ಪಿದ ಪಂದ್ಯಗಳ ಪಟ್ಟಿಯನ್ನು ದೇಶೀಯ ಲೀಗ್ ಸೇರಿಸಿ ತರಿಸಿಕೊಳ್ಳಿ. ಯೂರೋಲೀಗ್‌ಗೆ ಮೈ ಉಳಿಸಲು ಭಾನುವಾರದ ಲೀಗ್ ಪಂದ್ಯ ಬಿಡಿಸಿರ್ತಾರೆ. ಅದು ವಿಶ್ರಾಂತಿಯೋ ನೋವೋ ಅಂತ ಒಂದೊಂದಾಗಿ ಕೇಳಿ ತಿಳಿಯಬೇಕು.

ಸಬೋನಿಸ್‌ಗೆ ಎರಡು ಸಲ ಅಕಿಲೀಸ್, ಅಂದರೆ ಹಿಮ್ಮಡಿ ಹಿಂದಿನ ಸ್ನಾಯುರಜ್ಜು, ಹರಿದಿತ್ತು. ಎಕ್ಸ್‌ರೇ ನೋಡಿದ ವೈದ್ಯರು, ಇದೊಂದರ ಆಧಾರದ ಮೇಲೇ ಅಂಗವಿಕಲರ ಪಾರ್ಕಿಂಗ್ ಪರವಾನಗಿ ಸಿಗುತ್ತೆ ಅಂದಿದ್ದರಂತೆ. ಪೋರ್ಟ್‌ಲ್ಯಾಂಡ್ ಆತನನ್ನು ಓಡಿಸಲಿಲ್ಲ. ಮೊದಲ ಸೀಸನ್‌ನಲ್ಲಿ ಪಂದ್ಯಕ್ಕೆ 23.8 ನಿಮಿಷ, ಆ ನಿಮಿಷದಲ್ಲೇ 14.5 ಅಂಕ, 8.1 ರಿಬೌಂಡ್. ಹೈ ಪೋಸ್ಟ್‌ನಲ್ಲಿ, ಅಂದರೆ ಫ್ರೀ ಥ್ರೋ ಗೆರೆ ಹತ್ತಿರ, ನಿಲ್ಲಿಸಿ, ಚೆಂಡು ಕೊಟ್ಟು, ಸುತ್ತ ಉಳಿದವರು ಕಟ್ ಮಾಡಿದರು. 221 ಸೆಂಟಿಮೀಟರ್ ಎತ್ತರದವನು ಕಾಲು ಕದಲಿಸದೆ ಎಲ್ಲರ ತಲೆ ಮೇಲಿಂದ ಪಾಸ್ ಕೊಡ್ತಿದ್ದ. ಹಾನಿ ಎಷ್ಟಿದೆ ಅಂತ ತಿಳಿದು, ಅದಕ್ಕೆ ತಕ್ಕ ಕೆಲಸ ಕೊಟ್ಟಿದ್ದರು.

---

ಕ್ಯಾಪ್‌ಲೆಕ್ಕ ಬರೆದದ್ದು:

ದುಡ್ಡಿನ ಕಡೆ ಜನ ತಪ್ಪು ತಿಳಿಯೋದು ಮೂರು ಜಾಗದಲ್ಲಿ.

ಮೊದಲನೇದು ಬೈಔಟ್, ಅಂದರೆ ಆಟಗಾರನನ್ನು ಒಪ್ಪಂದದಿಂದ ಬಿಡಿಸಲು ಹಳೆಯ ಕ್ಲಬ್‌ಗೆ ಕೊಡುವ ಹಣ. ಯುರೋಪಿನ ಕ್ಲಬ್‌ಗೆ ಎನ್‌ಬಿಎ ತಂಡ ತನ್ನ ಕೈಯಿಂದ ಕ್ಯಾಪ್‌ಗೆ (ತಂಡದ ಸಂಬಳದ ಮಿತಿ) ತಾಗದಂತೆ ಕೊಡಬಹುದಾದ ಮೊತ್ತಕ್ಕೆ ಮಿತಿ ಇದೆ, 2024–25ಕ್ಕೆ 8,50,000 ಡಾಲರ್. ಅದಕ್ಕಿಂತ ಹೆಚ್ಚು ಕೊಟ್ಟರೆ ಸಹಿ ಬೋನಸ್ ಅಂತ ಆಟಗಾರನ ಸಂಬಳದಲ್ಲೇ ಎಣಿಸ್ತಾರೆ. ಗೆರ್ಷೋನ್ ಯಾಬುಸೆಲೆ 2024ರಲ್ಲಿ ಮ್ಯಾಡ್ರಿಡ್ ಬಿಟ್ಟು ಫಿಲಡೆಲ್ಫಿಯಾಗೆ ಬಂದಾಗ ಬೈಔಟ್ 25 ಲಕ್ಷ ಯೂರೋ, ಸಂಬಳ ಕನಿಷ್ಠ ದರದ ಸುಮಾರು 21 ಲಕ್ಷ ಡಾಲರ್. ತಂಡದ ಪಾಲು ಕಳೆದು ಉಳಿದದ್ದು ಆಟಗಾರನ ತಲೆ ಮೇಲೆ. ಮೊದಲ ವರ್ಷದ ದುಡಿಮೆ ಹೆಚ್ಚು ಕಮ್ಮಿ ಅಲ್ಲಿಗೇ ಹೋಯಿತು. ಆತ ಅದಕ್ಕೆ ಒಪ್ಪಿ, 28ರಲ್ಲಿ ಬಂದು, 70 ಪಂದ್ಯದಲ್ಲಿ 11 ಅಂಕದ ಸರಾಸರಿ ಆಡಿ, ಮುಂದಿನ ಬೇಸಿಗೆ ನಿಕ್ಸ್‌ನಿಂದ ಎರಡು ವರ್ಷದ ಒಪ್ಪಂದ ಗಿಟ್ಟಿಸಿದ. ತಂಡಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಇಲ್ಲ.

ಎರಡನೇದು ತೆರಿಗೆ. ಯುರೋಪಿನ ದೊಡ್ಡ ಕ್ಲಬ್‌ಗಳು ಮಾತಾಡೋದು ಕೈಗೆ ಬರುವ ಮೊತ್ತದಲ್ಲಿ. ತೆರಿಗೆ ಕ್ಲಬ್‌ನದು, ಮನೆ ಕಾರು ಕೂಡ ಸಾಮಾನ್ಯವಾಗಿ ಕ್ಲಬ್‌ನದೇ. ಎನ್‌ಬಿಎ ಅಂಕಿ ಕಡಿತಕ್ಕೆ ಮುಂಚಿನದು. ಹತ್ತು ಶೇಕಡಾ ಎಸ್ಕ್ರೋ (ಲೀಗ್ ತಡೆಹಿಡಿಯುವ ಪಾಲು), ಮೇಲಿನ ಹಂತಕ್ಕೆ 37 ಶೇಕಡಾ ಕೇಂದ್ರ ತೆರಿಗೆ, ಕ್ಯಾಲಿಫೋರ್ನಿಯಾ ಆದರೆ ರಾಜ್ಯದ್ದು 13.3ರವರೆಗೆ, ಏಜೆಂಟ್ ಕಮಿಷನ್. ಅದೇ ರಾಜ್ಯದ ಸ್ಯಾಕ್ರಮೆಂಟೊದ 60 ಲಕ್ಷ ಡಾಲರ್ ಕೈಗೆ ಬರುವಾಗ ಅರ್ಧಕ್ಕಿಂತ ಕೆಳಗೆ. ಅಷ್ಟನ್ನು ಗ್ರೀಸ್‌ನ ಪಿರೇಯಸ್ಸಿನಲ್ಲೋ ಇಸ್ತಾಂಬುಲ್‌ನಲ್ಲೋ ಕೊಡುವವರಿದ್ದಾರೆ. ಟೆಕ್ಸಸ್, ಫ್ಲೋರಿಡಾದಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ, ಅಲ್ಲಿನ ತಂಡಗಳು ಇದನ್ನು ಮಾತುಕತೆಯಲ್ಲಿ ಬಳಸಬೇಕು.

ಮೂರನೇದು ಲಕ್ಷುರಿ ಟ್ಯಾಕ್ಸ್ ಎಣಿಕೆ, ಅಂದರೆ ಸಂಬಳ ಮಿತಿ ಮೀರಿದ ತಂಡ ಲೀಗ್‌ಗೆ ಕಟ್ಟುವ ದಂಡದ ಲೆಕ್ಕ. ಎನ್‌ಬಿಎ ಅನುಭವ ಶೂನ್ಯ ಇರುವ 30ರವನು ಕನಿಷ್ಠ ಸಂಬಳದಲ್ಲಿ ಬಂದರೆ ಆತನಿಗೆ ಸಿಗೋದು ಹೊಸಬನ ದರ, 2024–25ರಲ್ಲಿ 11,57,153 ಡಾಲರ್. ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವುದು) ಆಗದವನಾದರೆ ಟ್ಯಾಕ್ಸ್ ಲೆಕ್ಕದಲ್ಲಿ ಮಾತ್ರ ಎರಡು ವರ್ಷ ಅನುಭವದವನ ದರ, 20,87,519, ಅಂತ ಹಿಡೀತಾರೆ. ಏಪ್ರನ್ ಅನ್ನೋ, ದಾಟಿದರೆ ನಿರ್ಬಂಧ ಬೀಳುವ ಸಂಬಳದ ಗೆರೆ ಹತ್ತಿರ ಇರುವ ತಂಡಕ್ಕೆ ಆ ಒಂಬತ್ತು ಲಕ್ಷ ಚಿಕ್ಕದಲ್ಲ. ತಾನೇ ಡ್ರಾಫ್ಟ್ ಮಾಡಿ ಯುರೋಪಿನಲ್ಲಿ ಬಿಟ್ಟಿದ್ದವನಾದರೆ ಈ ಹೊರೆ ಇಲ್ಲ.

ಒಪ್ಪಂದ ಹೀಗಿರಲಿ: ಮೊದಲ ವರ್ಷ ಪೂರ್ತಿ ಖಾತ್ರಿ, ಎರಡನೇ ವರ್ಷ ತಂಡದ ಆಯ್ಕೆ. ತೆಯೊದೊಸಿಚ್‌ಗೆ ಎರಡನೇ ವರ್ಷ ಆಟಗಾರನ ಆಯ್ಕೆ ಕೊಟ್ಟಿದ್ದರು, ಅಪಾಯ ಪೂರ್ತಿ ತಂಡದ ಮೇಲೆ ಬಿತ್ತು. ಹಳೆಯ ಗಾಯ ಇದ್ದರೆ ಒಪ್ಪಂದಕ್ಕೆ ಎಕ್ಸಿಬಿಟ್ 3 ಅನ್ನೋ ಷರತ್ತು ಸೇರಿಸಬೇಕು. ಆ ಗಾಯವೇ ಮರುಕಳಿಸಿ ಆಡಲಾಗದಿದ್ದರೆ ಅದರ ಮಟ್ಟಿಗೆ ಖಾತ್ರಿ ಅನ್ವಯಿಸಲ್ಲ. ಏಜೆಂಟ್ ಬೇಡ ಅಂದೇ ಅನ್ನುತ್ತಾನೆ, ಹಿಡಿದು ಕೂರಬೇಕು.

---

ಎರಡನೇ ಕ್ವಾರ್ಟರ್ ಬರೆದದ್ದು:

ಎಲ್ಬೋ ಹೇಳಿದ್ದಕ್ಕೆ ತಕರಾರಿದೆ. ಸಾಶಾ ವೆಜೆಂಕೊವ್ ಚೆಂಡು ಹಿಡಿದು ಕೂರುವವನೇ ಅಲ್ಲ. ಕಟ್, ಕ್ಯಾಚ್, ಶಾಟ್, ಅಷ್ಟೇ. 2023ರ ಯೂರೋಲೀಗ್ ಎಂವಿಪಿ (ಸೀಸನ್‌ನ ಶ್ರೇಷ್ಠ ಆಟಗಾರ), ಆ ವರ್ಷ ಅತಿ ಹೆಚ್ಚು ಅಂಕದ ಸರಾಸರಿಯೂ ಆತನದೇ. ನಿಮ್ಮ ಲೆಕ್ಕದಲ್ಲಿ ನಿಲ್ಲಬೇಕಿತ್ತು. ಸ್ಯಾಕ್ರಮೆಂಟೊದಲ್ಲಿ ಪಂದ್ಯಕ್ಕೆ ಹನ್ನೆರಡು ನಿಮಿಷ, 5.4 ಅಂಕ, ಒಂದೇ ಸೀಸನ್.

ಇತ್ತ ವಾಸಿಲಿಯೆ ಮಿತ್ಸಿಚ್ ಪೂರ್ತಿ ಚೆಂಡಿನ ಗಾರ್ಡ್. ಒಕ್ಲಹೋಮಾದಲ್ಲಿ ಅವರ ಸ್ಟಾರ್ ಗಾರ್ಡ್ ಗಿಲ್ಜಸ್-ಅಲೆಕ್ಸಾಂಡರ್ ಹಿಂದೆ ಕೂತು ಸೊರಗಿದ. 2024ರ ಫೆಬ್ರವರಿಯಲ್ಲಿ ಶಾರ್ಲಟ್‌ಗೆ ಹೋಗಿ ಚೆಂಡು ಕೈಗೆ ಸಿಕ್ಕಿದ ತಕ್ಷಣ ಎರಡಂಕಿ ಸರಾಸರಿ ಹೊಡೆದ. ಹಾಗಾದರೆ ತಪ್ಪು ಆಟಗಾರ ಯಾವ ಬಗೆಯವನು ಅನ್ನೋದರಲ್ಲಿಲ್ಲ, ಆತನನ್ನು ಕರೆಸಿದ ತಂಡದಲ್ಲಿ ಆ ಜಾಗ ಖಾಲಿ ಇತ್ತಾ ಅನ್ನೋದರಲ್ಲಿದೆ. ವೆಜೆಂಕೊವ್ ಬಂದಾಗ ಆತನ ಜಾಗದಲ್ಲಿ ಕೀಗನ್ ಮರ್ರಿ, ಹ್ಯಾರಿಸನ್ ಬಾರ್ನ್ಸ್ ಇಬ್ಬರೂ ಇದ್ದರು. ಯಾಬುಸೆಲೆಗೆ ಜಾಗ ಸಿಕ್ಕಿದ್ದು ಫಿಲಡೆಲ್ಫಿಯಾದ ಸೆಂಟರ್ ಎಂಬೀಡ್ ಆ ಸೀಸನ್ 19 ಪಂದ್ಯ ಮಾತ್ರ ಆಡಿದ್ದರಿಂದ.

---

ಎಲ್ಬೋ ಬರೆದದ್ದು:

ಮಿತ್ಸಿಚ್ ಬಗ್ಗೆ ಒಪ್ತೀನಿ, ಅರ್ಧ. ಶಾರ್ಲಟ್ ಆ ವರ್ಷ ಸೋಲುತ್ತಲೇ ಇದ್ದ ತಂಡ, ಅಲ್ಲಿ ಚೆಂಡು ಖಾಲಿ ಇತ್ತು. 2025ರಲ್ಲಿ ಆತನೂ ಯುರೋಪಿಗೆ ಮರಳಿದ. ಗೆಲ್ಲುವ ತಂಡ ಅನುಭವಿ ಬೇಕು ಅಂತ ಕರೆಸುತ್ತೆ, ಆದರೆ ಅಲ್ಲಿ ಚೆಂಡು ಸಿಗಲ್ಲ. ಚೆಂಡು ಸಿಗುವ ಸೋಲುವ ತಂಡಕ್ಕೆ ಮೂವತ್ತರವನು ಬೇಡ, ಇಪ್ಪತ್ತರವನನ್ನು ಬೆಳೆಸಬೇಕು. ಗಾರ್ಡ್‌ಗಳಿಗೆ ಈ ಇಕ್ಕಟ್ಟು ತಪ್ಪಲ್ಲ. ಅದಕ್ಕೇ ನನ್ನ ದುಡ್ಡು ಪಾಸ್ ಬಲ್ಲ ಸೆಂಟರ್ ಮೇಲೆ, ಇಲ್ಲ ಎರಡು ಜಾಗ ಕಾಯಬಲ್ಲ ಫಾರ್ವರ್ಡ್ ಮೇಲೆ. ಯಾಬುಸೆಲೆ ಫಾರ್ವರ್ಡ್ ಆಗಿಯೂ ಆಡಿದ, ಎಂಬೀಡ್ ಇಲ್ಲದಾಗ 203 ಸೆಂಟಿಮೀಟರ್‌ನಲ್ಲೇ ಸೆಂಟರ್ ಆಗಿ ಗುದ್ದಾಡಿದ. ವೆಜೆಂಕೊವ್‌ಗೆ ಆ ಎರಡನೇ ಜಾಗ ಇರಲಿಲ್ಲ.

---

ಬೇಸ್‌ಲೈನ್ ಬರೆದದ್ದು:

ತುಂಬಾ ಉಪಯೋಗ ಆಯಿತು. ಒಂದು ಉಳಿಯಿತು: ಮಧ್ಯದಲ್ಲೇ ಆಟಗಾರ ಬೇಸತ್ತು ವಾಪಸ್ ಹೋಗ್ತೀನಿ ಅಂದರೆ ತಂಡಕ್ಕೆ ನಷ್ಟ ಅಲ್ವಾ?

---

ಕ್ಯಾಪ್‌ಲೆಕ್ಕ ಬರೆದದ್ದು:

ದುಡ್ಡಿನಲ್ಲಿ ನೋಡಿದರೆ ಅದು ತಂಡಕ್ಕೇ ಅನುಕೂಲ. ಬೆಂಚಿಗೆ ಬಿದ್ದ ಅಮೆರಿಕದ ಅನುಭವಿ ಖಾತ್ರಿ ಹಣದ ಒಂದು ಪೈಸೆ ಬಿಡಲ್ಲ, ಆತನಿಗೆ ಹೋಗಲು ಬೇರೆ ಜಾಗ ಇಲ್ಲ. ಯುರೋಪಿನವನಿಗೆ ಮನೆಯಲ್ಲಿ ಹೆಚ್ಚು ಸಂಬಳ ಕಾದಿರುತ್ತೆ. ವೆಜೆಂಕೊವ್ 2024ರ ಬೇಸಿಗೆಯಲ್ಲಿ ಟೊರಾಂಟೊಗೆ ಟ್ರೇಡ್ ಆದ ಮೇಲೆ ಉಳಿದ ಒಪ್ಪಂದ ಬಿಟ್ಟು ಒಲಿಂಪಿಯಾಕೋಸ್‌ಗೆ ಹೋದ. ಕಾಲ ಮಾತ್ರ ಗಮನಿಸಿ. ಜುಲೈ ಆಗಸ್ಟ್‌ನಲ್ಲಿ ಬಿಟ್ಟುಕೊಟ್ಟರೆ ಯುರೋಪಿನ ಕ್ಲಬ್‌ಗಳ ಬಜೆಟ್ ಇನ್ನೂ ತೆರೆದಿರುತ್ತೆ, ಆಟಗಾರ ತನ್ನ ಹಣದಲ್ಲಿ ದೊಡ್ಡ ಪಾಲು ಬಿಡಲು ಒಪ್ಪುತ್ತಾನೆ. ಜನವರಿ ದಾಟಿದರೆ ಅಲ್ಲಿನ ತಂಡಗಳು ತುಂಬಿರುತ್ತವೆ, ಆಮೇಲೆ ಆತ ಪೂರ್ತಿ ಸಂಬಳ ತೆಗೆದುಕೊಂಡು ನಿಮ್ಮ ಬೆಂಚಿನಲ್ಲೇ ಸೀಸನ್ ಮುಗಿಸ್ತಾನೆ. ಹೊರಡುವ ಮೊದಲು ಫೀಬಾದ ಲೆಟರ್ ಆಫ್ ಕ್ಲಿಯರೆನ್ಸ್, ಅಂದರೆ ಬೇರೆ ದೇಶದಲ್ಲಿ ಆಡಲು ಅನುಮತಿ ಪತ್ರ, ಬೇಕು. ಬಿಡುಗಡೆಯ ಕಾಗದ ಸಹಿ ಆದ ದಿನವೇ ಅದಕ್ಕೂ ಅರ್ಜಿ ಹಾಕಿಸಿ.