ಲಾಕ್ ಆದ ಕ್ರಿಪ್ಟೊ ಖಾತೆ: ‘ತೆಗೆದುಕೊಡ್ತೀನಿ’ ಅನ್ನುವವರ ಕೈಗೆ ಏನನ್ನೂ ಕೊಡಬೇಡಿ

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ): ನಮಸ್ಕಾರ್ರಿ ಸರ್. 2021ರಾಗ ಒಂದು ಎಕ್ಸ್‌ಚೇಂಜ್‌ನ್ಯಾಗ ಖಾತೆ ತಗದು ಸ್ವಲ್ಪ ಬಿಟ್‌ಕಾಯಿನ್, ಇಥೀರಿಯಂ ತಗೊಂಡು ಇಟ್ಟೀನಿ. ಈಗ ಹಳೇ ಫೋನಿನ ಡಿಸ್ಪ್ಲೇ ಹೋಗೇತಿ, ಹೊಸಾದು ತಗೊಂಡೀನಿ. ಪಾಸ್‌ವರ್ಡ್ ಹಾಕಿದ ಮ್ಯಾಲೆ ಆರು ಅಂಕಿ ಕೋಡ್ ಕೇಳತೈತಿ. ಆ ಕೋಡ್ ಬರೋ ಅಥೆಂಟಿಕೇಟರ್ ಹಳೇ ಫೋನಿನ್ಯಾಗ ಐತಿ. ಏನೇನೋ ಹಾಕಿ ನೋಡಿದೆ, ಖಾತೆ ಲಾಕ್ ಆತು. ಒಂದು ಚಾಟ್ ಗ್ರೂಪಿನ್ಯಾಗ ಕೇಳಿದ್ದಕ್ಕ ಒಬ್ಬಾಂವ ತಾನಾಗೇ ಮೆಸೇಜ್ ಮಾಡಿ, ‘ನಾ ರಿಕವರಿ ಎಕ್ಸ್‌ಪರ್ಟ್, ಎಂಟು ಸಾವಿರ ಹಾಕ್ರಿ, ಒಂದು ತಾಸಿನ್ಯಾಗ ತಗದು ಕೊಡ್ತೀನಿ’ ಅಂದ. ನನ್ನ ಇಮೇಲ್ ಐಡಿ, ಪ್ಯಾನ್ ಕಾರ್ಡಿನ ಫೋಟೋ ಅವಂಗ ಕಳಿಸೀನಿ. ರೊಕ್ಕ ಇನ್ನೂ ಹಾಕಿಲ್ಲ. ಸ್ಕ್ರೀನ್ ತೋರಿಸೋ ಆ್ಯಪ್ ಹಾಕ್ಕೋರಿ ಅಂತ ಗಂಟು ಬಿದ್ದಾನ. ಹಾಕಲ್ಯೋ ಬ್ಯಾಡೋ?

ಉತ್ತರ (ಸೈಬರ್ ಸುರಕ್ಷತಾ ತಂತ್ರಜ್ಞ, ಧಾರವಾಡ): ಹಾಕಬೇಡಿ. ರೊಕ್ಕವನ್ನೂ ಕಳಿಸಬೇಡಿ. ಅವನ ಮೆಸೇಜು, ನಂಬರು, ಅವನು ಕೊಟ್ಟ ಯುಪಿಐ ಐಡಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟು ಬ್ಲಾಕ್ ಮಾಡಿ.

ಎಕ್ಸ್‌ಚೇಂಜ್ ಎಂದರೆ ಕ್ರಿಪ್ಟೊ ಕೊಳ್ಳಲು, ಮಾರಲು ಇರುವ ಕಂಪನಿ. ಅಲ್ಲಿಯ ಖಾತೆಯಲ್ಲಿ ನಾಣ್ಯದ ಕೀಲಿ, ಅಂದರೆ ನಾಣ್ಯ ಕಳಿಸಲು ಬೇಕಾದ ಗುಪ್ತ ಸಂಖ್ಯೆ, ಕಂಪನಿಯ ಹತ್ತಿರವೇ ಇರುತ್ತದೆ. ನೀವು ನೀವೇ ಹೌದು ಎಂದು ಕಂಪನಿಗೆ ಖಾತ್ರಿಯಾದರೆ ಕಂಪನಿ ಬಾಗಿಲು ತೆಗೆಯುತ್ತದೆ. ಮೂರನೆಯವನಿಗೆ ಅಲ್ಲಿ ದಾರಿಯೇ ಇಲ್ಲ. ಹಾಗಾದರೆ ಅವನು ಸ್ಕ್ರೀನ್ ಯಾಕೆ ಕೇಳುತ್ತಾನೆ? ತನ್ನ ಕಂಪ್ಯೂಟರಿನಲ್ಲಿ ಕೂತು ನಿಮ್ಮ ಹೆಸರಿನಲ್ಲಿ ‘ಪಾಸ್‌ವರ್ಡ್ ಮರೆತಿದ್ದೇನೆ’ ಒತ್ತುತ್ತಾನೆ. ಒಟಿಪಿ ನಿಮ್ಮ ಫೋನಿಗೆ ಬರುತ್ತದೆ. ನಿಮ್ಮ ಸ್ಕ್ರೀನ್ ಅವನಿಗೆ ಕಾಣುತ್ತಿರುವುದರಿಂದ ನೀವು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ, ಅವನೇ ಓದಿಕೊಳ್ಳುತ್ತಾನೆ. ಕ್ರಿಪ್ಟೊ ಒಮ್ಮೆ ಬೇರೆ ವಿಳಾಸಕ್ಕೆ ಹೋಗಿ ಬ್ಲಾಕ್‌ಚೈನ್‌ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ದಾಖಲಾದರೆ ಅದನ್ನು ಹಿಂದಕ್ಕೆ ತಿರುಗಿಸುವ ಗುಂಡಿ ಯಾರ ಹತ್ತಿರವೂ ಇಲ್ಲ. ಇವತ್ತು ನಿಮ್ಮ ಖಾತೆ ಲಾಕ್ ಆಗಿದೆ ಅಷ್ಟೇ, ನಾಣ್ಯ ಎಲ್ಲಿಯೂ ಹೋಗಿಲ್ಲ. ಅದು ಕೈಬಿಟ್ಟು ಹೋಗುವುದು ಈಗ ಮಾಡುವ ಅವಸರದಲ್ಲಿ.

ಕೋಡ್ ಊಹಿಸಿ ಹಾಕುವುದನ್ನೂ ನಿಲ್ಲಿಸಿ. ಎಷ್ಟೋ ಕಡೆ ಈ ಲಾಕ್ ಕೆಲವು ತಾಸಿಗೆ ತಾನಾಗಿ ಬಿಡುತ್ತದೆ, ತಪ್ಪು ಕೋಡ್ ಹಾಕುತ್ತಾ ಹೋದಷ್ಟೂ ಮುಂದಕ್ಕೆ ಹೋಗುತ್ತದೆ.

ಮೊದಲು ಇಮೇಲ್ ಭದ್ರ ಮಾಡಿ, ಯಾಕೆಂದರೆ ಎಕ್ಸ್‌ಚೇಂಜ್‌ನ ಎಲ್ಲ ರೀಸೆಟ್ ಕೊಂಡಿಗಳೂ ಅಲ್ಲಿಗೇ ಬರುವುದು. ಹೊಸ ಪಾಸ್‌ವರ್ಡ್ ಹಾಕಿ, ಪರಿಚಯವಿಲ್ಲದ ಸಾಧನ ಲಾಗಿನ್ ಆಗಿದ್ದರೆ ತೆಗೆದುಹಾಕಿ. ಸೆಟ್ಟಿಂಗ್‌ನಲ್ಲಿ ಫಾರ್ವರ್ಡಿಂಗ್ ಮತ್ತು ಫಿಲ್ಟರ್ ಎರಡನ್ನೂ ತೆರೆದು ನೋಡಿ. ಒಳಗೆ ನುಗ್ಗಿದವರು ಎಕ್ಸ್‌ಚೇಂಜ್‌ನ ಪತ್ರಗಳು ನಿಮ್ಮ ಕಣ್ಣಿಗೆ ಬೀಳದಂತೆ ಅಲ್ಲಿ ಒಂದು ನಿಯಮದ ಸಾಲು ಬರೆದಿಟ್ಟು ಹೋಗುವುದುಂಟು. ಪಾಸ್‌ವರ್ಡ್ ಬದಲಿಸಿದರೂ ಆ ಸಾಲು ಉಳಿದುಬಿಡುತ್ತದೆ.

ಆಮೇಲೆ ಹಳೇ ಫೋನು. ಡಿಸ್ಪ್ಲೇ ಹೋದರೆ ಫೋನು ಸತ್ತಂತಲ್ಲ, ಅಥೆಂಟಿಕೇಟರ್ ಒಳಗೆ ಹಾಗೇ ಇರುತ್ತದೆ. ಕೊಪ್ಪೀಕರ್ ರಸ್ತೆಯ ಯಾವುದಾದರೂ ಅಂಗಡಿಯಲ್ಲಿ ಡಿಸ್ಪ್ಲೇ ಹಾಕಿಸಿ, ಆದರೆ ಎದುರಿಗೇ ಕೂತು ಹಾಕಿಸಿ. ಫೋನು ಬಿಟ್ಟು ಬರಬೇಡಿ, ಲಾಕ್ ಪ್ಯಾಟರ್ನ್ ಹೇಳಬೇಡಿ, ಫಾರ್ಮ್ಯಾಟ್ ಮಾತ್ರ ಮಾಡಿಸಲೇಬೇಡಿ. ಪರದೆ ಬೆಳಗಿದ ಕೂಡಲೇ ಆ್ಯಪ್‌ನ ‘ಖಾತೆ ವರ್ಗಾವಣೆ’ಯಿಂದ ಕೋಡ್‌ಗಳನ್ನು ಹೊಸ ಫೋನಿಗೆ ತಂದುಕೊಳ್ಳಬಹುದು. ನಿಮ್ಮದು ಗೂಗಲ್ ಅಥೆಂಟಿಕೇಟರ್ ಆಗಿದ್ದರೆ ಇನ್ನೂ ಸುಲಭದ ದಾರಿ ಇರಬಹುದು. 2023ರ ಏಪ್ರಿಲ್‌ನಿಂದ ಅದರಲ್ಲಿ ಗೂಗಲ್ ಖಾತೆಗೆ ಸಿಂಕ್ ಆಗುವ ಸೌಲಭ್ಯ ಇದೆ. ಸಿಂಕ್ ಆನ್ ಇದ್ದಿದ್ದರೆ, ಹೊಸ ಫೋನಿನಲ್ಲಿ ಅದೇ ಖಾತೆಯಿಂದ ಆ್ಯಪ್ ತೆರೆದರೆ ಕೋಡ್‌ಗಳು ತಾವೇ ಬರುತ್ತವೆ.

ಕೋಡ್ ಬಂದರೂ ‘ತಪ್ಪು’ ಎಂದೇ ತೋರಿಸಿದರೆ ಫೋನಿನ ಗಡಿಯಾರ ನೋಡಿ. ಆ ಆರು ಅಂಕಿ ಒಂದು ಗುಪ್ತ ಕೀಲಿ ಮತ್ತು ಆ ಕ್ಷಣದ ಸಮಯ ಎರಡನ್ನೂ ಸೇರಿಸಿ ಹುಟ್ಟುವುದು, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಗಡಿಯಾರ ಎರಡು ನಿಮಿಷ ಹಿಂದಿದ್ದರೂ ಕೋಡ್ ಹೊಂದುವುದಿಲ್ಲ. ಸಮಯವನ್ನು ‘ಸ್ವಯಂಚಾಲಿತ’ಕ್ಕೆ ಇಟ್ಟರೆ ಸರಿಹೋಗುತ್ತದೆ.

ಇಷ್ಟಕ್ಕೂ ಆಗದಿದ್ದರೆ ಎಕ್ಸ್‌ಚೇಂಜ್‌ಗೆ ‘ಎರಡನೇ ಹಂತದ ದೃಢೀಕರಣ ರೀಸೆಟ್’ ಕೋರಿಕೆ ಹಾಕಿ. ಅವರ ಆ್ಯಪ್‌ನ ಒಳಗಿಂದಲೇ ಹಾಕಿ, ಇಲ್ಲವೇ ಖಾತೆ ತೆರೆದಾಗ ಬಂದ ಹಳೇ ಇಮೇಲಿನಲ್ಲಿರುವ ವಿಳಾಸ ನೋಡಿ ಹಾಕಿ. ಗೂಗಲ್‌ನಲ್ಲಿ ‘ಕಸ್ಟಮರ್ ಕೇರ್ ನಂಬರ್’ ಹುಡುಕಬೇಡಿ. ಅಲ್ಲಿ ಮೇಲೆ ಸಿಗುವ ಎಷ್ಟೋ ನಂಬರುಗಳನ್ನು ಇಂಥವರೇ ಹಾಕಿರುತ್ತಾರೆ. ಕಂಪನಿಯವರು ಪ್ಯಾನ್, ಆಧಾರ್, ಸೆಲ್ಫಿ, ಅವತ್ತಿನ ದಿನಾಂಕ ಕೈಯಾರೆ ಬರೆದ ಚೀಟಿ ಹಿಡಿದ ಫೋಟೋ ಅಥವಾ ಚಿಕ್ಕ ವಿಡಿಯೋ ಕೇಳಬಹುದು. ಅದು ಸಹಜ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳೆಲ್ಲ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಕೆಳಗೆ ಬಂದಿವೆ, ಗ್ರಾಹಕರ ಗುರುತು ಪರಿಶೀಲಿಸಲೇಬೇಕು. ಆದರೆ ಒಟಿಪಿ, ಪಾಸ್‌ವರ್ಡ್, ಮುಂಗಡ ‘ಅನ್‌ಲಾಕ್ ಶುಲ್ಕ’ ಕೇಳಿದರೆ ಅದು ಕಂಪನಿಯಲ್ಲ. ಪ್ಯಾನ್‌ನಲ್ಲಿರುವ ಹೆಸರು, ಬ್ಯಾಂಕ್ ಖಾತೆಯ ಹೆಸರು ಒಂದೇ ರೀತಿ ಇದೆಯೇ ನೋಡಿಕೊಳ್ಳಿ. ನಮ್ಮ ಕಡೆ ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ತಂದೆಯ ಹೆಸರು ಇರುವುದು ಬಹಳ, ಕೋರಿಕೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಖಾತೆಯ ಲಾಕ್ ಬಿಟ್ಟ ಮೇಲೂ ಒಂದೆರಡು ದಿನ ಹಣ ಹೊರಗೆ ಕಳಿಸಲು ಬಿಡದಿರಬಹುದು. ಗಾಬರಿಯಾಗಬೇಡಿ, ಅದು ನಿಮ್ಮ ರಕ್ಷಣೆಗೇ ಇಟ್ಟ ತಡೆ.

ಅದೇ ಪ್ರಶ್ನಿಗರು: ಪ್ಯಾನ್ ಫೋಟೋ ಕೊಟ್ಟಿದ್ದಕ್ಕ ಏನ್ ಮಾಡ್ಲಿ ಸರ್? ರೊಕ್ಕ ಹೋಗಿಲ್ಲಲ್ಲ, ಪೊಲೀಸರ ಹತ್ರ ಹೋಗೋದು ಬೇಕೇನ್ರಿ?

ಉತ್ತರ: ಬೇಕು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಥವಾ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ. ನಾಳೆ ನಿಮ್ಮ ಪ್ಯಾನ್ ಬಳಸಿ ಯಾರೋ ಸಾಲ ಎತ್ತಿದರೆ ಇವತ್ತಿನ ದೂರಿನ ಸಂಖ್ಯೆ ನಿಮ್ಮ ಪರ ನಿಲ್ಲುತ್ತದೆ. ಜನರ ಸಾಲದ ದಾಖಲೆ ಇಡುವ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು ಎಂದು ಆರ್‌ಬಿಐ ನಿಯಮವಿದೆ, ತರಿಸಿಕೊಂಡು ನೋಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಕಾಣುತ್ತದೆ.

ಇನ್ನೊಬ್ಬರು (ವಿದ್ಯಾನಗರ): 1930ಕ್ಕ ಹೇಳಿದ್ರ ಏನಾಗತೈತ್ರಿ, ಹೋದ ರೊಕ್ಕ ಹೋತು.

ಉತ್ತರ: ಹಾಗೆ ಹೇಳಿ ಯಾರನ್ನೂ ಹಿಂದೆ ಎಳೆಯಬೇಡಿ, ದಯವಿಟ್ಟು. ಯುಪಿಐನಲ್ಲಿ ಹೋದ ಹಣವನ್ನು ಎದುರಿನ ಬ್ಯಾಂಕ್ ಖಾತೆಯಲ್ಲಿ ತಡೆಹಿಡಿಯಲು ಅದೇ ಮಾರ್ಗ, ಮೊದಲ ಕೆಲವು ತಾಸುಗಳಲ್ಲಿ ಹೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಕ್ರಿಪ್ಟೊ ಕಷ್ಟ, ನಿಜ. ಆದರೂ ಕದ್ದ ನಾಣ್ಯ ಯಾವುದೋ ಎಕ್ಸ್‌ಚೇಂಜ್ ಸೇರಿದ್ದರೆ ಪೊಲೀಸರ ನೋಟಿಸಿನಿಂದ ಅಲ್ಲಿ ನಿಲ್ಲಿಸಬಹುದು. ಅದಕ್ಕೆ ವರ್ಗಾವಣೆಯ ಗುರುತು ಸಂಖ್ಯೆ ಮತ್ತು ವಾಲೆಟ್ ವಿಳಾಸ ಬೇಕು. ಹುಬ್ಬಳ್ಳಿ-ಧಾರವಾಡ ನಗರಕ್ಕೂ ಗದಗ, ಹಾವೇರಿ ಜಿಲ್ಲೆಗಳಿಗೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆ ಇದೆ, ಆ ಸಂಖ್ಯೆ, ವಿಳಾಸ ಎರಡನ್ನೂ ಬರೆದುಕೊಂಡೇ ಹೋಗಿ.

ಪ್ರಶ್ನೆ (ಗದಗ): ಸರ್, ನಂದು ಎಕ್ಸ್‌ಚೇಂಜ್ ಅಲ್ರಿ, ಸ್ವಂತ ವಾಲೆಟ್. ಫೋನ್ ರೀಸೆಟ್ ಆಗೇತಿ. 12 ಶಬ್ದ ಹಾಳಿ ಮ್ಯಾಲೆ ಬರದಿಟ್ಟಿದ್ದೆ, ಮಳಿ ನೀರು ಬಿದ್ದು ಏಳನೇ ಶಬ್ದ ಅಳಿಸೇತಿ. ಉಳಿದ 11 ಹಾಕಿದ್ರ ಹುಡುಕಿ ಕೊಡತೇವಿ ಅಂತ ಒಂದು ವೆಬ್‌ಸೈಟ್ ಐತಿ. ನಂಬಬಹುದೇನ್ರಿ?

ಉತ್ತರ: ನಂಬಬೇಡಿ. ಸ್ವಂತ ವಾಲೆಟ್‌ನಲ್ಲಿ ಕೀಲಿ ಕಂಪನಿಯ ಹತ್ತಿರ ಇರುವುದಿಲ್ಲ, ಈ 12 ಶಬ್ದಗಳೇ ಕೀಲಿ. 11 ಶಬ್ದ ಕೊಟ್ಟರೆ ಪೂರಾ ವಾಲೆಟ್ ಕೊಟ್ಟಂತೆಯೇ. ಲೆಕ್ಕ ನೋಡಿ: ಈ ಶಬ್ದಗಳು ಬಿಪ್-39 ಎಂಬ ಮಾನಕದ ಪಟ್ಟಿಯಿಂದ ಬಂದವು, ಇಂಗ್ಲಿಷ್ ಪಟ್ಟಿಯಲ್ಲಿ ಇರುವುದು 2048 ಶಬ್ದ ಮಾತ್ರ. ಏಳನೇ ಜಾಗಕ್ಕೆ ಒಂದೊಂದಾಗಿ 2048ನ್ನೂ ಇಟ್ಟು ನೋಡುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ಅದರಲ್ಲೂ 12 ಶಬ್ದಗಳ ಸಾಲಿನ ಕೊನೆಯಲ್ಲಿ ಸಾಲು ಸರಿಯಿದೆಯೇ ಎಂದು ಪರೀಕ್ಷಿಸುವ 4 ಬಿಟ್‌ನ ತಾಳೆ ಅಂಕಿ ಅಡಗಿರುತ್ತದೆ. ಹಾಗಾಗಿ ಹದಿನಾರರಲ್ಲಿ ಒಂದು ಮಾತ್ರ ತಾಳೆಯಾಗಿ ಸುಮಾರು 128 ಶಬ್ದ ಉಳಿಯುತ್ತವೆ. ಆ ವೆಬ್‌ಸೈಟಿನವರಿಗೂ ಈ ಲೆಕ್ಕ ಗೊತ್ತು.

ನಿಮಗೆ ಇದರಲ್ಲಿ ಸಮಾಧಾನದ ವಿಷಯವೂ ಇದೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು, ಪೆನ್ನು ಒತ್ತಿದ ಗೀರು ನೋಡಿ. ಒಂದೆರಡು ಅಕ್ಷರ ಸಿಕ್ಕರೂ ಪಟ್ಟಿ ಇನ್ನೂ ಕಿರಿದಾಗುತ್ತದೆ. ಮೊದಲ ನಾಲ್ಕು ಅಕ್ಷರ ಸಿಕ್ಕರೆ ಶಬ್ದವೇ ಸಿಕ್ಕಂತೆ, ಯಾಕೆಂದರೆ ಪಟ್ಟಿಯ ಯಾವ ಎರಡು ಶಬ್ದಗಳಿಗೂ ಮೊದಲ ನಾಲ್ಕು ಅಕ್ಷರ ಒಂದೇ ಇಲ್ಲ. ಏನೂ ಸಿಗದಿದ್ದರೆ ಬಿಟಿಸಿ-ರಿಕವರ್ ಎಂಬ ಮುಕ್ತ ತಂತ್ರಾಂಶ ಇದೆ. ನಿಮ್ಮ ಹಳೆಯ ಒಂದು ವಾಲೆಟ್ ವಿಳಾಸ ಕೊಟ್ಟರೆ ಅದಕ್ಕೆ ಹೊಂದುವ ಶಬ್ದವನ್ನು ಹುಡುಕುತ್ತದೆ. ಇಂಟರ್ನೆಟ್ ತೆಗೆದ ಕಂಪ್ಯೂಟರಿನಲ್ಲೇ ನಡೆಸಿ. ಹಾಳೆಯ ಫೋಟೋ ತೆಗೆಯಬೇಡಿ, ಅದು ಕ್ಲೌಡ್‌ಗೆ ಹೋಗಿ ಕೂರುತ್ತದೆ. ವಾಲೆಟ್ ತೆರೆದ ಮೇಲೆ ಹೊಸ ಶಬ್ದಗಳ ಹೊಸ ವಾಲೆಟ್ ಮಾಡಿ ಎಲ್ಲವನ್ನೂ ಅಲ್ಲಿಗೆ ವರ್ಗಾಯಿಸಿ.

ಪ್ರಶ್ನೆ (ಹಾವೇರಿ): ಅಪ್ಪಾರು ತೀರಿಕೊಂಡು ಎರಡು ತಿಂಗಳಾತ್ರಿ. ಕ್ರಿಪ್ಟೊ ತಗೊಂಡಿದ್ರು ಅಂತ ಅವ್ವ ಹೇಳತಾಳ, ಯಾವ ಕಂಪನಿ ಅನ್ನೋದು ಗೊತ್ತಿಲ್ಲ. ಅವರ ಫೋನ್ ನಮ್ಮ ಹತ್ರ ಐತಿ. ಒಟಿಪಿ ತಗೊಂಡು ನಾವ ಒಳಗ ಹೋಗಿಬಿಡಬಹುದೇನ್ರಿ?

ಉತ್ತರ: ನಿಮ್ಮ ಮನೆಯವರೆಲ್ಲರ ದುಃಖ ಅರ್ಥವಾಗುತ್ತದೆ. ಆದರೆ ಹಾಗೆ ಒಳಗೆ ಹೋಗಬೇಡಿ. ತೀರಿಹೋದವರ ಹೆಸರಿನಲ್ಲಿ ಲಾಗಿನ್ ಆಗಿ ಹಣ ತೆಗೆದರೆ ಮುಂದೆ ಅಣ್ಣತಮ್ಮಂದಿರ ನಡುವೆ, ಕಂಪನಿಯ ಜೊತೆ ಎರಡೂ ಕಡೆ ತಕರಾರಾಗುತ್ತದೆ.

ಕಂಪನಿ ಯಾವುದು ಎಂದು ತಿಳಿಯಲು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಇನ್ನೊಂದು ದಾರಿ ಆದಾಯ ತೆರಿಗೆಯ 26ಎಎಸ್ ಪತ್ರ, ಯಾರು ಎಷ್ಟು ತೆರಿಗೆ ಕಡಿದರು ಎಂದು ತೋರಿಸುವ ಪಟ್ಟಿ ಅದು. 2022ರ ಜುಲೈ 1ರಿಂದ ಕ್ರಿಪ್ಟೊ ಮಾರಿದಾಗ ಶೇ 1 ಟಿಡಿಎಸ್ (ಮೂಲದಲ್ಲೇ ತೆರಿಗೆ) ಕಡಿತವಾಗುತ್ತದೆ. ಅಪ್ಪ ಆಮೇಲೆ ಏನಾದರೂ ಮಾರಿದ್ದರೆ, ಕಡಿತ ಮಾಡಿದವರ ಹೆಸರು ಅದರಲ್ಲಿ ಇರಬೇಕು. ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಂಡರೆ ಅದನ್ನು ನೋಡಬಹುದು. ಕಂಪನಿ ಸಿಕ್ಕಮೇಲೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ, ವಾರಸುದಾರರೆಲ್ಲರ ಗುರುತಿನ ದಾಖಲೆ ಇಟ್ಟುಕೊಂಡು ಬರೆಯಿರಿ. ಮೊತ್ತ ದೊಡ್ಡದಿದ್ದರೆ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು, ಅದಕ್ಕೆ ಅಲ್ಲಿಯ ವಕೀಲರೊಬ್ಬರನ್ನು ಈಗಲೇ ಕಾಣಿರಿ.

ಅಲ್ಲಿಯವರೆಗೆ ಅಪ್ಪನ ನಂಬರಿಗೆ ರೀಚಾರ್ಜ್ ತಪ್ಪಿಸಬೇಡಿ. 90 ದಿನ ಬಳಕೆಯಿಲ್ಲದೆ, ಬ್ಯಾಲೆನ್ಸೂ ಇಲ್ಲದೆ ಬಿಟ್ಟರೆ ಪ್ರಿಪೇಯ್ಡ್ ನಂಬರ್ ಕಡಿದು, ಆಮೇಲೆ ಬೇರೆಯವರಿಗೆ ಕೊಟ್ಟುಬಿಡಬಹುದು. ಎರಡು ತಿಂಗಳು ಆಗಲೇ ಕಳೆದಿದೆ, ಇವತ್ತೇ ಮಾಡಿಸಿ.